ಕಡಲ ತೀರದ ಟ್ರ್ಯಾಕ್ಟರು ಮತ್ತು ಸೋರುವ ಬ್ಯಾಟರಿ

ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಹೆದ್ದಾರಿಯನ್ನು ಬಿಟ್ಟು ಕಡಲ ಕಡೆಗೆ ತಿರುಗಿದರೆ ಸಿಗುವ ಬೇಲೆಕೇರಿಯನ್ನು ಹೊರಗಿನವರು ಬಂದರಿನಿಂದಲೂ ಅದಿರಿನಿಂದಲೂ ಗುರುತಿಸುವರಾದರೂ, ಮಳೆಗಾಲದಲ್ಲಿ ಭತ್ತವನ್ನೂ ನೀರು ಇಳಿದ ಮೇಲೆ ಮರಳುಮಣ್ಣಿನಲ್ಲಿ ಶೇಂಗಾವನ್ನೂ ಬೆಳೆಯುವ ಆ ತೀರದ ಕೃಷಿಕನ ಚಿಂತೆಗಳು ಬೇರೆಯೇ ಆಗಿವೆ. ಅವುಗಳಲ್ಲಿ ನೋಡಲು ಅಲ್ಪವಾದರೂ ಹೂಟಿಯ ಹೊತ್ತಿನಲ್ಲಿ ದೊಡ್ಡದಾಗಿ ಎದುರುನಿಲ್ಲುವ ಒಂದು ಚಿಂತೆಯುಂಟು. ಮೊದಲ ಮಳೆ ಬಿದ್ದು ಗದ್ದೆ ಹದಗೊಂಡ ದಿನವೇ, ಬೇಸಗೆಯೆಲ್ಲ ಕೊಟ್ಟಿಗೆಯಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಕೀಲಿಯನ್ನು ತಿರುಗಿಸಿದರೆ ಯಂತ್ರವು ಒಮ್ಮೆ ಟಕ್ ಎಂದು ಸದ್ದುಮಾಡಿ ಸುಮ್ಮನಾಗುತ್ತದೆ. ಮುಚ್ಚಳವನ್ನು ತೆಗೆದು ನೋಡಿದರೆ ಬ್ಯಾಟರಿಯ ನೆತ್ತಿ ಒದ್ದೆಯಾಗಿದೆ, ಟರ್ಮಿನಲ್ಲುಗಳ ಸುತ್ತ ಬಿಳಿಯದೂ ನೀಲಿಹಸಿರಿನದೂ ಆದ ಪುಡಿ ಬೆಳೆದಿದೆ, ಕೆಳಗಿನ ಕಬ್ಬಿಣದ ತಟ್ಟೆ ತುಕ್ಕು ಹಿಡಿದು ಪದರ ಪದರವಾಗಿ ಉದುರುತ್ತಿದೆ. ಆಗ ಹೊಸ ಬ್ಯಾಟರಿ ತಂದು ಕೂರಿಸುವುದೇ ವಾಡಿಕೆ. ಆದರೆ ಸೋರಿಕೆಯ ಕಾರಣವನ್ನು ಹುಡುಕದೆ ಕೂರಿಸಿದ ಹೊಸ ಬ್ಯಾಟರಿಯೂ ಹಳೆಯದರ ಹಾದಿಯನ್ನೇ ಹಿಡಿಯುವುದರಿಂದ, ಆ ಕಾರಣವನ್ನು ಕಂಡುಕೊಳ್ಳುವ ಬಗೆಯನ್ನು ಇಲ್ಲಿ ಸಾವಧಾನವಾಗಿ ವಿವರಿಸಬಯಸುತ್ತೇನೆ.

1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ ಮತ್ತು ಗಂಧಕಾಮ್ಲಗಳ ಕೋಶವೇ ಇಂದಿಗೂ ನಮ್ಮ ಟ್ರ್ಯಾಕ್ಟರುಗಳಲ್ಲಿ ಕೆಲಸಮಾಡುತ್ತಿದೆ. ಸುಮಾರು 2 ವೋಲ್ಟಿನ ಆರು ಕೋಶಗಳು ಒಂದರ ಪಕ್ಕದಲ್ಲೊಂದು ಕುಳಿತು 12 ವೋಲ್ಟಿನ ಬ್ಯಾಟರಿಯಾಗುತ್ತವೆ. ಪ್ರತಿಯೊಂದರಲ್ಲಿಯೂ ಸೀಸದ ಫಲಕಗಳು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಬ್ಯಾಟರಿಯು ಪೂರ್ತಿ ಚಾರ್ಜಾಗುತ್ತ ಬಂದಂತೆ ಇದರಲ್ಲಿನ ನೀರು ಜಲಜನಕ ಮತ್ತು ಆಮ್ಲಜನಕವಾಗಿ ಒಡೆದು ಹೊರಬೀಳುವುದಾದರೂ, ಆಮ್ಲವು ಹಾಗೆ ಆವಿಯಾಗುವುದಿಲ್ಲ. ಆದುದರಿಂದ ಮಟ್ಟ ಇಳಿದಾಗಲೆಲ್ಲ ಆಸಿಡ್ ಸುರಿಯುವುದು ತಪ್ಪು. ತುಂಬತಕ್ಕದ್ದು ಬಟ್ಟಿ ಇಳಿಸಿದ ನೀರನ್ನು ಮಾತ್ರ. ಬ್ಯಾಟರಿ ಮಗುಚಿಯೋ ಬಿರಿದೋ ಆಮ್ಲವೇ ಚೆಲ್ಲಿಹೋಗಿದ್ದರೆ ಆ ಮಾತು ಬೇರೆ. ಆಗ ಅದರ ಸಾಂದ್ರತೆಯನ್ನು ಸರಿಪಡಿಸುವ ಕೆಲಸವನ್ನು ಹೈಡ್ರೋಮೀಟರ್ ಉಳ್ಳ ಬ್ಯಾಟರಿ ಕೆಲಸಗಾರನಿಗೇ ಬಿಡಬೇಕು.

ಘಟ್ಟದ ಮೇಲಿನ ರೈತನಿಗೆ ಇಲ್ಲದ ಒಂದು ಸಂದೇಹ ಕರಾವಳಿಯವನಿಗೆ ಇದೆ. ಬ್ಯಾಟರಿಯ ಮೇಲೆ ಕಾಣುವ ತೇವವು ಒಳಗಿನ ಆಮ್ಲವೋ, ಕಡಲ ಗಾಳಿ ತಂದಿಟ್ಟ ಉಪ್ಪು ಹೀರಿಕೊಂಡ ತೇವವೋ ಎಂಬುದು ಕಣ್ಣಿಗೆ ತಿಳಿಯದು. ಇದಕ್ಕೆ ಅಡುಗೆಮನೆಯಲ್ಲಿಯೇ ಪರೀಕ್ಷೆಯುಂಟು: ತೇವವಿದ್ದ ಕಡೆ ಒಂದು ಚಿಟಿಕೆ ಅಡುಗೆ ಸೋಡಾ ಉದುರಿಸಿರಿ. ಬುಸಬುಸನೆ ನೊರೆಯೆದ್ದರೆ ಅದು ಆಮ್ಲ. ಸೋಡಾ ಸುಮ್ಮನೆ ಕರಗಿದರೆ ಅದು ಕಡಲಿನ ತೇವ. ಎರಡನೆಯದೂ ನಿರಪಾಯವೆಂದು ತಿಳಿಯಬಾರದು. ಉಪ್ಪಿನ ಒದ್ದೆಪದರವು ಎರಡು ಟರ್ಮಿನಲ್ಲುಗಳ ನಡುವೆ ವಿದ್ಯುತ್ತಿಗೆ ಕಳ್ಳದಾರಿಯನ್ನು ಒದಗಿಸಿ, ನಿಂತಲ್ಲೇ ನಿಂತ ಬ್ಯಾಟರಿಯನ್ನು ದಿನದಿನಕ್ಕೆ ಬರಿದುಮಾಡುತ್ತದೆ.

ಸೋರುತ್ತಿರುವುದು ಆಮ್ಲವೆಂದು ನಿಶ್ಚಯವಾದ ಮೇಲೆ ಎಲ್ಲಿಂದ ಎಂಬುದನ್ನು ನೋಡಬೇಕು. ಮುಚ್ಚಳಗಳ ಸುತ್ತ ಮಾತ್ರ ಒದ್ದೆಯಾಗಿದ್ದು, ಇತ್ತೀಚೆಗೆ ನೀರು ತುಂಬಿಸಿದ್ದರೆ, ಬಹುಮಟ್ಟಿಗೆ ಅದು ಅತಿಯಾಗಿ ತುಂಬಿದುದರ ಫಲ. ದ್ರವವು ಫಲಕಗಳ ಮೇಲೆ ಸುಮಾರು 10ರಿಂದ 12 ಮಿಲಿಮೀಟರ್ ನಿಂತರೆ ಸಾಕು. ಆರೂ ಕೋಶಗಳು ಸಮನಾಗಿ, ಪದೇ ಪದೇ ಒಣಗುತ್ತಿದ್ದರೆ ದೋಷವಿರುವುದು ಬ್ಯಾಟರಿಯಲ್ಲಲ್ಲ, ಚಾರ್ಜು ಮಾಡುವ ವ್ಯವಸ್ಥೆಯಲ್ಲಿ: ಎಂಜಿನ್ನು ಮಧ್ಯಮ ವೇಗದಲ್ಲಿ ಓಡುತ್ತಿರುವಾಗ ಟರ್ಮಿನಲ್ಲುಗಳ ಮೇಲೆ ಮೀಟರು 13.8ರಿಂದ 14.4 ವೋಲ್ಟು ತೋರಿಸಬೇಕು, 14.8ನ್ನು ದಾಟಿ ಅಲ್ಲಿಯೇ ನಿಲ್ಲುವುದಾದರೆ ರೆಗ್ಯುಲೇಟರು ಕೆಟ್ಟಿದೆಯೆಂದು ತಿಳಿದು ಮೊದಲು ಅದನ್ನು ಬದಲಿಸತಕ್ಕದ್ದು. ಒಂದೇ ಒಂದು ಕೋಶದ ಮಟ್ಟ ಇಳಿಯುತ್ತಿದ್ದರೆ ಆ ಭಾಗದಲ್ಲಿ ಡಬ್ಬಿ ಬಿರಿದಿದೆಯೆಂಬ ಶಂಕೆ ಬಲವಾಗುತ್ತದೆ.

ಬಿರಿತದ ವಿಚಾರದಲ್ಲಿ ನಮ್ಮ ತೀರದ ರೈತರು ವಿಶೇಷವಾಗಿ ಗಮನಿಸಬೇಕಾದುದು ಬ್ಯಾಟರಿಯನ್ನಲ್ಲ, ಅದು ಕುಳಿತಿರುವ ತಟ್ಟೆಯನ್ನು. ಉಪ್ಪುಗಾಳಿಗೆ ಸಿಕ್ಕಿದ ಕಬ್ಬಿಣದ ತಟ್ಟೆ ತೂತಾಗುತ್ತದೆ, ಬಿಗಿದ ಕಂಬಿ ತುಕ್ಕುತಿಂದು ಸಡಿಲುತ್ತದೆ. ಇಪ್ಪತ್ತು ಕಿಲೋಗ್ರಾಮಿಗೂ ಮೀರಿದ ಆ ಭಾರವು ಆಧಾರವಿಲ್ಲದೆ ಒಂದು ಮೂಲೆಗೆ ವಾಲಿಕೊಂಡು, ಟ್ರ್ಯಾಕ್ಟರು ಕೇಜ್‌ವೀಲಿನ ಕಬ್ಬಿಣದ ಗಾಲಿಗಳ ಮೇಲೆ ಗದ್ದೆಯಿಂದ ಗದ್ದೆಗೆ ಅಂಚು ದಾಟುವಾಗಲೂ ಗಟ್ಟಿನೆಲದ ಮೇಲೆ ಸಾಗುವಾಗಲೂ ಎದ್ದೆದ್ದು ಬೀಳುತ್ತದೆ. ಹೀಗೆ ಬಡಿದಾಡಿದ ಡಬ್ಬಿ ಬಿರಿಯದೆ ಇದ್ದೀತೆ? ಅತ್ತ, ಸಡಿಲವಾಗಬಾರದೆಂದು ಬಲವಾಗಿ ಬಿಗಿದರೂ ಡಬ್ಬಿ ಒಡೆಯುತ್ತದೆ. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ತಟ್ಟೆಯನ್ನು ಹೊರತೆಗೆದು, ಸೋಡಾನೀರಿನಿಂದ ತೊಳೆದು, ತುಕ್ಕನ್ನು ಉಜ್ಜಿ, ಬಣ್ಣ ಬಳಿದು, ರಬ್ಬರಿನ ಹಾಳೆಯೊಂದನ್ನು ಹಾಸಿ ಕೂರಿಸಿದಲ್ಲಿ ಈ ಉಪದ್ರವದ ಬಹುಪಾಲು ತಪ್ಪುತ್ತದೆಯೆಂದು ನಾನು ಧೈರ್ಯವಾಗಿ ಹೇಳಬಲ್ಲೆ. ಹಿಂದಿನ ಗಡುಸು ರಬ್ಬರಿನ ಡಬ್ಬಿಗಳು ಬಿರಿದರೆ ಡಾಂಬರಿನಂಥ ಅರಗನ್ನು ಕಾಯಿಸಿ ಹಾಕುವ ಪದ್ಧತಿಯಿತ್ತು. ಇಂದಿನ ಪ್ಲಾಸ್ಟಿಕ್ ಡಬ್ಬಿಗಳಿಗೆ ಅಂಟು ನೆಚ್ಚಿಕೆಯಾಗಿ ಹಿಡಿಯದಾದ್ದರಿಂದ, ಬಿರಿದ ಬ್ಯಾಟರಿಯನ್ನು ಬದಲಿಸುವುದೇ ವಿವೇಕ.

ಶುಚಿಗೊಳಿಸುವಾಗ ಮೊದಲು ಎಂಜಿನ್ನನ್ನು ನಿಲ್ಲಿಸಿ ಕೀಲಿಯನ್ನು ತೆಗೆದಿಡಬೇಕು. ಅನಂತರ ನೆಗೆಟಿವ್ ತಂತಿಯನ್ನು ಬಿಚ್ಚಿ, ಆಮೇಲೆ ಪಾಸಿಟಿವನ್ನು ಬಿಚ್ಚಬೇಕು. ಕೂಡಿಸುವಾಗ ನೆಗೆಟಿವ್ ಕೊನೆಯದು. ಈ ಕ್ರಮ ತಪ್ಪಿದಲ್ಲಿ ಕೈಯಲ್ಲಿನ ಪಾನೆ ಟ್ರ್ಯಾಕ್ಟರಿನ ಮೈಗೆ ತಗುಲಿ ಕಿಡಿ ಹಾರುವುದುಂಟು, ಮತ್ತು ಗಾಳಿಯಲ್ಲಿ ನೂರಕ್ಕೆ 4 ಪಾಲು ಜಲಜನಕ ಸೇರಿದ್ದರೆ ಆ ಒಂದು ಕಿಡಿಯೇ ಬ್ಯಾಟರಿಯನ್ನು ಸಿಡಿಸಲು ಸಾಕು. ಬೀಡಿಯನ್ನಂತೂ ದೂರವೇ ಇಡಿರಿ. ಕನ್ನಡಕ ಮತ್ತು ರಬ್ಬರ್ ಕೈಗವಸು ಧರಿಸಿ, ಒಂದು ಲೀಟರ್ ನೀರಿಗೆ ಮೂರು ನಾಲ್ಕು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ, ಕೋಶಗಳ ಮುಚ್ಚಳಗಳು ಭದ್ರವಾಗಿವೆಯೆಂದು ನೋಡಿಕೊಂಡು, ನೊರೆ ನಿಲ್ಲುವವರೆಗೆ ಹಳೆಯ ಬ್ರಷ್ಷಿನಿಂದ ಉಜ್ಜಬೇಕು. ಸೋಡಾ ಒಳಗಿಳಿದರೆ ಕೋಶದ ಆಮ್ಲವೇ ನಿಸ್ಸತ್ವವಾಗುವುದು. ಬಳಿಕ ಸಿಹಿನೀರಿನಿಂದ ತೊಳೆದು, ಒರೆಸಿ, ತಂತಿಗಳನ್ನು ಬಿಗಿದ ಮೇಲೆ ಟರ್ಮಿನಲ್ಲುಗಳಿಗೆ ವ್ಯಾಸಲೀನನ್ನು ಸವರಿರಿ.

ಆಮ್ಲದ ಹನಿ ಕಣ್ಣಿಗೆ ಬಿದ್ದರೆ ಸೋಡಾ, ಸುಣ್ಣ, ಎಣ್ಣೆ ಯಾವುದನ್ನೂ ಹಾಕಕೂಡದು. ರೆಪ್ಪೆಗಳನ್ನು ಬಿಡಿಸಿ ಹಿಡಿದು ಶುದ್ಧ ನೀರನ್ನು ಹದಿನೈದು ಇಪ್ಪತ್ತು ನಿಮಿಷ ಎಡೆಬಿಡದೆ ಹರಿಸಿ, ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು. ಆದುದರಿಂದ ಕೆಲಸ ಆರಂಭಿಸುವ ಮೊದಲೇ ಒಂದು ಕೊಡ ನೀರನ್ನು ಪಕ್ಕದಲ್ಲಿಟ್ಟುಕೊಳ್ಳಿರಿ.

ಬ್ಯಾಟರಿಯೊಳಗೆ ತುಂಬಲು ಬಾವಿಯ ನೀರು ಆಗದು. ಕಡಲ ಸಮೀಪದ ಬಾವಿಗಳಲ್ಲಿ ಉಪ್ಪಿನ ಅಂಶ, ಚಿರೇಕಲ್ಲಿನ ನೆಲದ ಬಾವಿಗಳಲ್ಲಿ ಕಬ್ಬಿಣದ ಅಂಶ. ಎರಡೂ ಫಲಕಗಳಿಗೆ ವೈರಿಗಳು. ಮಾಡಿನಿಂದ ಇಳಿದ ಮಳೆನೀರೂ ಇಲ್ಲಿ ಉಪ್ಪನ್ನು ಹೊತ್ತು ತರುತ್ತದೆ.

ಕೆಲಸವಿಲ್ಲದ ತಿಂಗಳುಗಳಲ್ಲಿ ನೆಗೆಟಿವ್ ತಂತಿಯನ್ನು ಬಿಚ್ಚಿಟ್ಟು, ತಿಂಗಳಿಗೊಮ್ಮೆ ಚಾರ್ಜು ಮಾಡಿಸುವುದು ಅಗತ್ಯ. ಬರಿದಾಗಿ ಕುಳಿತ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಹರಳುಗಟ್ಟಿದರೆ ಅದನ್ನು ಮತ್ತೆ ಕರಗಿಸುವುದು ದುಸ್ಸಾಧ್ಯ. ಪೂರ್ಣ ಚಾರ್ಜಿನಲ್ಲಿ ಹೈಡ್ರೋಮೀಟರು 1.25ರಿಂದ 1.28ರವರೆಗೆ ತೋರಿಸುತ್ತದೆ, ಯಾವುದೇ ಕೋಶವು ಉಳಿದವಕ್ಕಿಂತ 0.05ರಷ್ಟು ಹಿಂದೆ ಬಿದ್ದರೆ ಅದರ ಆಯುಷ್ಯ ಮುಗಿಯುತ್ತ ಬಂದಿತೆಂದೇ ಎಣಿಸಬಹುದು.

ನನಗೆ ಅತ್ಯಂತ ಕಳವಳವನ್ನುಂಟುಮಾಡುವ ವಿಷಯ ಇನ್ನೊಂದಿದೆ. ನೆಲಕ್ಕೆ ಚೆಲ್ಲಿದ ಆಮ್ಲವನ್ನು ಚಿಪ್ಪಿನ ಸುಣ್ಣ ಹಾಕಿ ಶಮನಗೊಳಿಸಬಹುದು. ಸುಣ್ಣ ಸಾಕಾಯಿತೇ ಎಂದು ತಿಳಿಯಲು ಆ ಒದ್ದೆಮಣ್ಣಿಗೆ ಅರಿಶಿನ ಸೋಂಕಿಸಿದರೆ, ಓಕುಳಿಯಂತೆ ಕೆಂಪಾದಾಗ ಆಮ್ಲ ಉಳಿದಿಲ್ಲವೆಂದರ್ಥ. ಆದರೆ ಆಮ್ಲದೊಡನೆ ಬಂದ ಸೀಸವನ್ನು ಸುಣ್ಣ ತೊಲಗಿಸದು. ಅದು ಕೊಳೆಯದು, ಆರದು, ಮಣ್ಣಿನಲ್ಲಿಯೇ ಉಳಿಯುವುದು; ಮಕ್ಕಳ ಬುದ್ಧಿಬೆಳವಣಿಗೆಗೆ ಕುಂದು ತರುವ ಆ ಲೋಹಕ್ಕೆ ಇಷ್ಟರವರೆಗೆ ಅಪಾಯವಿಲ್ಲವೆಂಬ ಮಿತಿಯೇ ಗೊತ್ತಾಗಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹೀಗಿರುವಲ್ಲಿ ಸೋರುವ ಬ್ಯಾಟರಿಯನ್ನು ಬಾವಿಕಟ್ಟೆಯ ಬಳಿ ತೊಳೆಯುವುದಾಗಲಿ, ಉಳಿದ ಆಮ್ಲವನ್ನು ಹಳ್ಳಕ್ಕೆ ಸುರಿಯುವುದಾಗಲಿ, ಡಬ್ಬಿಯನ್ನು ಒಡೆದು ಸೀಸವನ್ನು ಬಲೆಯ ಗುಂಡುಗಳಿಗೆಂದು ಒಲೆಯ ಮೇಲೆ ಕರಗಿಸುವುದಾಗಲಿ ಎಂದಿಗೂ ಸಲ್ಲದು. ಖಾಲಿ ಡಬ್ಬಿಯಲ್ಲಿ ದನಕ್ಕೆ ನೀರಿಡುವುದೂ ಸಲ್ಲದು. ಚೆಲ್ಲಿದ ಸ್ಥಳದ ಮೇಲ್ಮಣ್ಣನ್ನು ಕೆರೆದು ಬೇರೆ ಡಬ್ಬಿಯಲ್ಲಿ ಮುಚ್ಚಿಡಿರಿ.

ಬಳಸಿದ ಬ್ಯಾಟರಿಯನ್ನು ಮಾರಾಟಗಾರನಿಗೆ ಮರಳಿಸಬೇಕೆಂಬ ನಿಯಮ ದೇಶದಲ್ಲಿ 2001ರಲ್ಲಿಯೇ ಬಂದಿತ್ತು; 2022ರ ಹೊಸ ನಿಯಮಗಳು ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಪುನರ್ಬಳಕೆಗೆ ಸೇರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹಳೆಯ ಬ್ಯಾಟರಿಗೆ ಬೆಲೆಯೂ ಉಂಟು. ಹೊಸದನ್ನು ಕೊಳ್ಳುವಾಗ ಅದನ್ನು ಕೇಳಿ ಕಡಿತಮಾಡಿಸಿಕೊಳ್ಳಿರಿ. ಅಂಕೋಲೆಯ ಪೇಟೆಗೆ ಹಳೆಯ ಬ್ಯಾಟರಿಯನ್ನು ಒಯ್ಯುವಾಗ ಮರಳು ತುಂಬಿದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ನೆಟ್ಟಗೆ ನಿಲ್ಲಿಸಿ, ಟರ್ಮಿನಲ್ಲುಗಳಿಗೆ ಹಳೆಯ ಟ್ಯೂಬಿನ ತುಂಡು ಸುತ್ತಿ, ವಾಹನದ ಹಿಂಭಾಗದಲ್ಲಿ ಅಲುಗದಂತೆ ಕಟ್ಟಬೇಕು. ಅದರ ಮಗ್ಗುಲಲ್ಲಿ ಬೀಜದ ಚೀಲವನ್ನಾಗಲಿ ಅಕ್ಕಿಯ ಚೀಲವನ್ನಾಗಲಿ ಇಡಬಾರದು.