ಶಕ್ತಿಯ ಪುಡಿಗೆ ಮೊದಲು ಬಿಪಿ ನೋಡಿಸಿ

ಬೆಂಗಳೂರಿನ ಅಕ್ಕಿಪೇಟೆಯಂಥ ಹಳೇ ಪೇಟೆಗಳಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಗಲ್ಲಾಪೆಟ್ಟಿಗೆ ಮುಂದೆ ಕೂತೇ ಇರುವವರು ನಿಮಿರುವಿಕೆ ಕುಗ್ಗಿದಾಗ ಶಕ್ತಿಯ ಪುಡಿಯನ್ನೋ ಗೆಳೆಯರು ಹೇಳಿದ ಮಾತ್ರೆಯನ್ನೋ ಹುಡುಕುತ್ತಾರೆ. ನೋಡಬೇಕಾದ್ದು ರಕ್ತನಾಳವನ್ನು. ಶಿಶ್ನದ ರಕ್ತನಾಳ 1ರಿಂದ 2 ಮಿ.ಮೀ. ಅಗಲ, ಹೃದಯದ್ದು 3ರಿಂದ 4 ಮಿ.ಮೀ. ಸಕ್ಕರೆ ಕಾಯಿಲೆ, ಬಿಪಿ, ಹೊಗೆಸೊಪ್ಪು ಎರಡನ್ನೂ ಕೆಡಿಸುತ್ತವೆ. ಕಿರಿದಾದದ್ದು ಮೊದಲು ಸೋಲುತ್ತದೆ. ಹೀಗಾಗಿ ಎದೆನೋವು ಕಾಣಿಸುವ 2ರಿಂದ 5 ವರ್ಷ ಮೊದಲೇ ಇಲ್ಲಿ ಸೂಚನೆ ಸಿಗುವುದುಂಟು. ವಯಸ್ಸಾಯಿತು, ಟೆನ್ಷನ್ನು ಎಂದು ತಳ್ಳಿಹಾಕುವವರಿದ್ದಾರೆ. ಮನಸ್ಸಿನ ಪಾಲು ಇಲ್ಲವೆಂದಲ್ಲ. ಆದರೆ ಬೆಳಗಿನ ಜಾವ ತಾನಾಗಿ ಆಗುತ್ತಿದ್ದ ನಿಮಿರುವಿಕೆಯೂ ಕ್ರಮೇಣ ನಿಂತಿದ್ದರೆ ದೇಹವನ್ನೇ ಮೊದಲು ಪರೀಕ್ಷಿಸಬೇಕು.

ಮೊದಲು ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ. 1900ರಿಂದ ಇರುವ ವಿಕ್ಟೋರಿಯಾ ಆಸ್ಪತ್ರೆ ಪೇಟೆಗೆ ಹತ್ತಿರದಲ್ಲೇ ಇದೆ. ಬಿಪಿ ಮಾತ್ರೆಯಿಂದಲೇ ತೊಂದರೆ ಎನಿಸಿದರೆ ನೀವೇ ನಿಲ್ಲಿಸಬೇಡಿ, ಬದಲಿಸಲು ವೈದ್ಯರನ್ನು ಕೇಳಿ. ಬೀಡಿ, ಸಿಗರೇಟು, ಗುಟ್ಕಾ ಪೂರ್ತಿ ಬಿಡಿ. ಅಂಗಡಿ ತೆರೆಯುವ ಮೊದಲು 40 ನಿಮಿಷ, ವಾರಕ್ಕೆ ನಾಲ್ಕು ದಿನ, ಉಸಿರು ಏರುವಷ್ಟು ಬಿರುಸಾಗಿ ನಡೆಯಿರಿ. ಆರು ತಿಂಗಳು ಬಿಡದೆ. ಸೊಂಟದ ಸುತ್ತಳತೆ 90 ಸೆಂ.ಮೀ. ಒಳಗೆ ಬರಲಿ. ಇದರಿಂದ ಏನಾದೀತು ಎನ್ನುವವರಿಗೆ 2004ರ ಇಟಲಿಯ ಅಧ್ಯಯನವೇ ಉತ್ತರ. ಈ ತೊಂದರೆಯಿದ್ದ ಸ್ಥೂಲಕಾಯದ 55 ಮಂದಿ ಎರಡು ವರ್ಷ ಊಟ, ವ್ಯಾಯಾಮ ತಿದ್ದಿಕೊಂಡಾಗ 17 ಮಂದಿಗೆ ಸಾಮರ್ಥ್ಯ ಮರಳಿತು. ಬರೀ ಸಾಮಾನ್ಯ ಸಲಹೆ ಪಡೆದ 55ರಲ್ಲಿ ಮೂವರಿಗೆ ಮಾತ್ರ.

ಇನ್ನು ಮಾತ್ರೆ. ಸಿಲ್ಡೆನಾಫಿಲ್ ಒಳ್ಳೆಯ ಔಷಧವೇ. ಎದೆನೋವಿಗೆಂದು ಪರೀಕ್ಷೆಗೊಳಗಾಗಿ, 1998ರಲ್ಲಿ ಅಮೆರಿಕದಲ್ಲಿ ಈ ತೊಂದರೆಗೆ ಮಂಜೂರಾಯಿತು. ಅಪಾಯವಿರುವುದು ಚೀಟಿಯಿಲ್ಲದೆ, ಗುಟ್ಟಾಗಿ ನುಂಗುವುದರಲ್ಲಿ. ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಇದರೊಡನೆ ಸೇರಿದರೆ ಬಿಪಿ ದಿಢೀರನೆ ಕುಸಿದು ಪ್ರಾಣವೇ ಹೋಗಬಹುದು. ಸಿಲ್ಡೆನಾಫಿಲ್ ತೆಗೆದುಕೊಂಡ 24 ಗಂಟೆ, ಅದೇ ಬಗೆಯ ಟಡಲಾಫಿಲ್ ಆದರೆ 48 ಗಂಟೆ ಸಾರ್ಬಿಟ್ರೇಟ್ ಕೂಡದು. ರಾತ್ರಿ ಮಾತ್ರೆ ನುಂಗಿ ಬೆಳಗಿನ ಜಾವ ಎದೆ ಹಿಡಿದುಕೊಂಡವರು ನಾಚಿಕೆಯಿಂದ ಬಾಯಿಬಿಡದಿದ್ದರೆ ವೈದ್ಯರಿಗೆ ಗೊತ್ತಾಗುವುದಾದರೂ ಹೇಗೆ? ನಾನು ತಿನ್ನುವುದು ಗಿಡಮೂಲಿಕೆ ಮಾತ್ರ ಎಂಬ ಧೈರ್ಯವೂ ಬೇಡ: ಇಂಥ ಪುಡಿಗಳಲ್ಲಿ ಹೇಳದೆ ಬೆರೆಸಿದ ಸಿಲ್ಡೆನಾಫಿಲ್ ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಇಂಥ ಮಾತ್ರೆ, ಪುಡಿ ತೆಗೆದುಕೊಂಡಿದ್ದೇನೆ ಎಂಬುದೇ ಕ್ಯಾಷುಯಲ್ಟಿಯಲ್ಲಿ ಮೊದಲ ಮಾತಾಗಲಿ.

ಕುಡಿತ ತಗ್ಗಿಸಿ, ಏಳು ಗಂಟೆ ನಿದ್ದೆ ಮಾಡಿ. ಜೋರು ಗೊರಕೆಯಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಹೋಗುವಾಗ ಹೆಂಡತಿಯನ್ನೂ ಜೊತೆಗೆ ಕರೆದೊಯ್ಯಿರಿ.