ಹದಿಮೂರು ಇನ್‌ಪುಟ್‌ಗಳ ಆ್ಯಂಡ್ ಗೇಟ್: ಸಂವಿಧಾನಕ್ಕೆ ಮುಂಚಿನ ಅಮೆರಿಕ

ಅಮೆರಿಕ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದು 1776ರಲ್ಲಿ. ಜಾರ್ಜ್ ವಾಷಿಂಗ್ಟನ್ ಮೊದಲ ಅಧ್ಯಕ್ಷರಾಗಿದ್ದು 1789ರಲ್ಲಿ. ಹಾಗಾದ್ರೆ ನಡುವಿನ 13 ವರ್ಷ ಆ ದೇಶವನ್ನು ನಡೆಸಿದ್ದು ಯಾರು? ಕಾಂಗ್ರೆಸ್ ಅನ್ನೋ ಒಂದೇ ಒಂದು ಸಭೆ. ಅದರ ನಿಯಮಗಳೆಲ್ಲ ಇದ್ದದ್ದು 'ಆರ್ಟಿಕಲ್ಸ್ ಆಫ್ ಕಾನ್‌ಫೆಡರೇಷನ್'ನಲ್ಲಿ, ಅಂದರೆ 13 ರಾಜ್ಯಗಳ ಒಕ್ಕೂಟದ ಕರಾರಿನಲ್ಲಿ. 1777ರ ನವೆಂಬರ್‌ನಲ್ಲಿ ಕಾಂಗ್ರೆಸ್ ಅದನ್ನು ಒಪ್ಪಿತು. ಕೊನೆಯ ರಾಜ್ಯ ಮೇರಿಲ್ಯಾಂಡ್ ಸಹಿ ಹಾಕಿ ಅದು ಜಾರಿಗೆ ಬಂದಿದ್ದು 1781ರ ಮಾರ್ಚ್ 1ರಂದು. ಎಂಟೇ ವರ್ಷದಲ್ಲಿ ಅದನ್ನು ಬದಿಗಿಟ್ಟು ಹೊಸ ವ್ಯವಸ್ಥೆ ಕಟ್ಟಬೇಕಾಯಿತು. ಯಾಕೆ ಅಂತ ನೋಡೋಣ.

ಈ ಕರಾರು ಬರೆದವರು ದಡ್ಡರಲ್ಲ. ದೂರದ ಬ್ರಿಟನ್ನಿನ ರಾಜ ಮತ್ತು ಪಾರ್ಲಿಮೆಂಟಿನ ವಿರುದ್ಧ ಹೋರಾಡುತ್ತಿದ್ದವರು. ಹಾಗಾಗಿ ಹಳೆಯ ತೊಂದರೆ ಮತ್ತೆ ಬರಬಾರದು ಅನ್ನೋದೇ ಅವರ ಡಿಸೈನಿನ ಮೂಲ ಉದ್ದೇಶ. ಪಾರ್ಲಿಮೆಂಟ್ ತೆರಿಗೆ ಹೇರಿತ್ತು, ಆದ್ದರಿಂದ ಕಾಂಗ್ರೆಸ್‌ಗೆ ತೆರಿಗೆ ಹಾಕುವ ಅಧಿಕಾರವೇ ಇಲ್ಲ. ರಾಜ ಕಾಟ ಕೊಟ್ಟಿದ್ದ, ಆದ್ದರಿಂದ ಆಡಳಿತ ನಡೆಸುವ ಅಧ್ಯಕ್ಷ ಇಲ್ಲ. ರಾಷ್ಟ್ರಮಟ್ಟದ ನ್ಯಾಯಾಂಗವೂ ಇಲ್ಲ. ದೊಡ್ಡ ವರ್ಜೀನಿಯಕ್ಕೂ ಪುಟ್ಟ ಡೆಲವೇರ್‌ಗೂ ತಲಾ ಒಂದೇ ವೋಟು. ಯುದ್ಧ, ಒಪ್ಪಂದ, ಸಾಲದಂಥ ಮುಖ್ಯ ವಿಷಯಗಳಿಗೆ 13ರಲ್ಲಿ 9 ರಾಜ್ಯಗಳ ಒಪ್ಪಿಗೆ ಬೇಕು. ಕರಾರನ್ನೇ ತಿದ್ದಬೇಕಾದರೆ 13ಕ್ಕೆ 13 ಬೇಕು.

ಮೊದಲ ಪೆಟ್ಟು ಬಿದ್ದದ್ದು ದುಡ್ಡಿಗೆ. ಕಾಂಗ್ರೆಸ್ ಪ್ರತಿ ರಾಜ್ಯಕ್ಕೂ "ನಿಮ್ಮ ಪಾಲು ಇಷ್ಟು, ಕಳಿಸಿ" ಅಂತ ಬರೆಯಬಹುದಿತ್ತು. ಕಳಿಸದಿದ್ದರೆ ಏನೂ ಮಾಡುವಂತಿರಲಿಲ್ಲ. ಕಾಲೇಜು ಫೆಸ್ಟ್‌ಗೆ ಡಿಪಾರ್ಟ್‌ಮೆಂಟುಗಳಿಂದ ವಂತಿಗೆ ಎತ್ತಿದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಆದರೆ ಇಲ್ಲಿ ಬಾಕಿ ಇದ್ದದ್ದು ಸ್ಟೇಜ್ ಬಾಡಿಗೆ ಅಲ್ಲ, ಯುದ್ಧ ಮಾಡಿದ ಸೈನಿಕರ ಸಂಬಳ. 1783ರ ಜೂನ್‌ನಲ್ಲಿ ಸಂಬಳ ಕೇಳುತ್ತ ಸುಮಾರು 400 ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ ಸೇರುತ್ತಿದ್ದ ಕಟ್ಟಡವನ್ನೇ ಸುತ್ತುವರಿದರು. ಕಾಂಗ್ರೆಸ್ ಪೆನ್ಸಿಲ್ವೇನಿಯದ ಆಡಳಿತದ ಹತ್ತಿರ ರಕ್ಷಣೆ ಕೇಳಿತು, ಸಿಗಲಿಲ್ಲ. ಸದಸ್ಯರು ಊರು ಬಿಟ್ಟು ಪ್ರಿನ್ಸ್‌ಟನ್‌ಗೆ ಹೋದರು. ಆಗ ಆ ರಾಜ್ಯದ ಆಡಳಿತದ ಮುಖ್ಯಸ್ಥರಾಗಿದ್ದವರು ಜಾನ್ ಡಿಕಿನ್ಸನ್. ಒಕ್ಕೂಟದ ಕರಾರಿನ ಮೊದಲ ಕರಡು ಬರೆದವರೂ ಅವರೇ!

ಹೊರದೇಶಗಳ ಜೊತೆಗೂ ಇದೇ ಪಾಡು. ಬ್ರಿಟನ್ ಜೊತೆಗಿನ ಶಾಂತಿ ಒಪ್ಪಂದಕ್ಕೆ ಮುದ್ರೆ ಒತ್ತಲು 9 ರಾಜ್ಯಗಳು ಬೇಕಿದ್ದವು. ಅನಾಪೊಲಿಸ್‌ನಲ್ಲಿ ಸಭೆ ಸೇರಿದ ಕಾಂಗ್ರೆಸ್‌ಗೆ ವಾರಗಟ್ಟಲೆ ಅಷ್ಟು ರಾಜ್ಯಗಳ ಪ್ರತಿನಿಧಿಗಳೇ ಬರಲಿಲ್ಲ. ಕೊನೆಗೆ 1784ರ ಜನವರಿ 14ರಂದು ಕೆಲಸ ಮುಗಿಯಿತು. ಆಮೇಲೂ ಡೆಟ್ರಾಯಿಟ್, ನಯಾಗರದಂಥ ಕೋಟೆಗಳನ್ನು ಬ್ರಿಟಿಷರು ಬಿಟ್ಟುಕೊಡಲಿಲ್ಲ. ಬಿಡಿಸಲು ಕಾಂಗ್ರೆಸ್ ಬಳಿ ಸೈನ್ಯವೂ ಇರಲಿಲ್ಲ, ಸೈನ್ಯ ಕಟ್ಟಲು ಕಾಸೂ ಇರಲಿಲ್ಲ.

ಸರಿ, ತಪ್ಪು ಗೊತ್ತಾಯ್ತು, ತಿದ್ದಬಹುದಿತ್ತಲ್ಲ? ಪ್ರಯತ್ನಪಟ್ಟರು. ಆಮದು ಸರಕಿನ ಮೇಲೆ ಶೇ. 5 ಸುಂಕ ಹಾಕಲು ಕಾಂಗ್ರೆಸ್‌ಗೆ ಅಧಿಕಾರ ಕೊಡುವ ತಿದ್ದುಪಡಿ 1781ರಲ್ಲೇ ಬಂತು. 1782ರಲ್ಲಿ ರೋಡ್ ಐಲೆಂಡ್ ಒಂದೇ ರಾಜ್ಯ ಅದನ್ನು ತಿರಸ್ಕರಿಸಿತು. 1783ರಲ್ಲಿ ಬದಲಾಯಿಸಿ ಮತ್ತೆ ಕಳಿಸಿದರು. ತನ್ನ ಬಂದರಿನ ಸುಂಕದಿಂದ ಒಳ್ಳೆ ಆದಾಯವಿದ್ದ ನ್ಯೂಯಾರ್ಕ್, ಕಾಂಗ್ರೆಸ್ ಒಪ್ಪಲಾಗದ ಷರತ್ತು ಹಾಕಿ 1786ರಲ್ಲಿ ಅದನ್ನೂ ಮುಗಿಸಿತು.

ನಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ ತಿದ್ದುಪಡಿಯ ನಿಯಮ 13 ಇನ್‌ಪುಟ್‌ಗಳ ಆ್ಯಂಡ್ ಗೇಟ್. ಒಂದು ಸೊನ್ನೆ ಬಂದರೂ ಔಟ್‌ಪುಟ್ ಸೊನ್ನೆ. ಒಂದು ಲೆಕ್ಕ ಮಾಡಿ ನೋಡಿ. ಪ್ರತಿ ರಾಜ್ಯವೂ ಒಪ್ಪುವ ಸಂಭವನೀಯತೆ 0.95 ಇದೆ, ಒಂದರ ನಿರ್ಧಾರ ಇನ್ನೊಂದನ್ನು ಅವಲಂಬಿಸಿಲ್ಲ ಅಂತ ಇಟ್ಟುಕೊಳ್ಳಿ. 0.95ರ 13ನೇ ಘಾತ ಸುಮಾರು 0.51. ಅಂದರೆ ಹೆಚ್ಚುಕಡಿಮೆ ಎಲ್ಲರಿಗೂ ಇಷ್ಟವಾದ ಪ್ರಸ್ತಾಪವೂ ನಾಣ್ಯ ಚಿಮ್ಮಿದ ಹಾಗೆ! ಅದೇ 9 ರಾಜ್ಯ ಸಾಕು ಅಂದರೆ ಉತ್ತರ 0.999 ದಾಟುತ್ತದೆ. ಬೇರೆ ದೋಷಗಳನ್ನು ತಿದ್ದಬಹುದಿತ್ತು. ತಿದ್ದುವ ದಾರಿಯೇ ಮುಚ್ಚಿದ್ದು ದೊಡ್ಡ ದೋಷ.

ಅದರ ಬೆಲೆ ತೆತ್ತವರು ಸಾಮಾನ್ಯ ಜನ. ಮ್ಯಾಸಚೂಸೆಟ್ಸ್ ರಾಜ್ಯ ತನ್ನ ಯುದ್ಧದ ಸಾಲ ತೀರಿಸಲು ಭಾರಿ ತೆರಿಗೆ ಹಾಕಿತು. ಕಟ್ಟಲಾಗದ ರೈತರ ಜಮೀನು ಜಪ್ತಿಯಾಯಿತು. 1786ರಲ್ಲಿ ಅವರು ಕೋರ್ಟುಗಳನ್ನು ಮುಚ್ಚಿಸಿದರು. ನಾಯಕರಲ್ಲೊಬ್ಬರಾದ ಡೇನಿಯಲ್ ಶೇಸ್ ಹಿಂದೆ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವರು. 1787ರ ಜನವರಿ 25ರಂದು ದಂಗೆಕೋರರು ಸ್ಪ್ರಿಂಗ್‌ಫೀಲ್ಡ್‌ನ ಶಸ್ತ್ರಾಗಾರದತ್ತ ನುಗ್ಗಿದಾಗ ಫಿರಂಗಿ ಹಾರಿ ನಾಲ್ವರು ಸತ್ತರು. ಆ ಶಸ್ತ್ರಾಗಾರ ಒಕ್ಕೂಟದ್ದು, ಕಾದದ್ದು ಮಾತ್ರ ರಾಜ್ಯದ ಪಡೆ. ದಂಗೆ ಅಡಗಿಸಲು ಹೊರಟ ಜನರಲ್ ಲಿಂಕನ್ ಅವರ ಸೈನ್ಯಕ್ಕೆ ದುಡ್ಡು ಕೊಟ್ಟವರು ಬಾಸ್ಟನ್ನಿನ ವ್ಯಾಪಾರಿಗಳು.

ಹಾಗಂತ ಈ ಕಾಂಗ್ರೆಸ್ ಏನೂ ಮಾಡಲಿಲ್ಲ ಅಂದ್ರೆ ತಪ್ಪಾಗುತ್ತೆ. 1785ರ ಭೂ ಕಾನೂನು ಪಶ್ಚಿಮದ ನೆಲವನ್ನು 6 ಮೈಲಿ ಚೌಕಗಳಾಗಿ, ಪ್ರತಿ ಚೌಕವನ್ನು 36 ಭಾಗಗಳಾಗಿ ಅಳೆಯಲು ಹೇಳಿತು. ಅದರಲ್ಲಿ 16ನೇ ಭಾಗ ಶಾಲೆಗೆ ಮೀಸಲು. ಸಿವಿಲ್‌ನವರು ಗಮನಿಸಿ, ಅಮೆರಿಕದ ನಕ್ಷೆಯಲ್ಲಿ ಆ ಚೌಕಗಳು ಈಗಲೂ ಕಾಣುತ್ತವೆ.

1787ರ ಮೇನಲ್ಲಿ ಫಿಲಡೆಲ್ಫಿಯಾದಲ್ಲಿ ಸಭೆ ಸೇರಿತು. ಹಳೆಯ ಕರಾರನ್ನು ತಿದ್ದಿ ಅಂತಷ್ಟೇ ಅವರಿಗೆ ಹೇಳಿದ್ದು. ಅವರು ಹೊಸ ಸಂವಿಧಾನವನ್ನೇ ಬರೆದು, 9 ರಾಜ್ಯ ಒಪ್ಪಿದರೆ ಆ 9ರ ಮಟ್ಟಿಗೆ ಜಾರಿ ಅಂದುಬಿಟ್ಟರು. ಹಳೆಯ ನಿಯಮದ ಪ್ರಕಾರ ಇದಕ್ಕೆ ಅವಕಾಶವೇ ಇರಲಿಲ್ಲ. ಆ್ಯಂಡ್ ಗೇಟನ್ನು ರಿಪೇರಿ ಮಾಡಲಾಗದೆ ಬೈಪಾಸ್ ಮಾಡಿದರು ಅನ್ನಿ. 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಶೈರ್ ಒಂಬತ್ತನೆಯದಾಗಿ ಒಪ್ಪಿತು. ಸಭೆಗೆ ಪ್ರತಿನಿಧಿಗಳನ್ನೇ ಕಳಿಸದ ರೋಡ್ ಐಲೆಂಡ್ ಬಂದು ಸೇರಿದ್ದು 1790ರಲ್ಲಿ.

ಹೊಸ ಸಂವಿಧಾನದಲ್ಲಿ ತಿದ್ದುಪಡಿಗೆ ಮುಕ್ಕಾಲು ಪಾಲು ರಾಜ್ಯಗಳು ಒಪ್ಪಿದರೆ ಸಾಕು. ಈವರೆಗೆ 27 ತಿದ್ದುಪಡಿಗಳಾಗಿವೆ. ಒಂದು ಕಡೆ ಮಾತ್ರ ಹಳೆಯ ಪಟ್ಟು ಉಳಿದಿದೆ: ಸೆನೆಟ್‌ನಲ್ಲಿರುವ ಸಮಾನ ಸ್ಥಾನವನ್ನು ಯಾವ ರಾಜ್ಯದಿಂದಲೂ ಅದರ ಒಪ್ಪಿಗೆಯಿಲ್ಲದೆ ಕಿತ್ತುಕೊಳ್ಳುವಂತಿಲ್ಲ. 13ರಲ್ಲಿ ಮುಕ್ಕಾಲು ಅಂದರೆ 10. ಅದೇ 0.95 ಇಟ್ಟುಕೊಂಡು ಉತ್ತರ ಎಷ್ಟು ಬರುತ್ತೆ ಅಂತ ಈಗ ನೀವೇ ಲೆಕ್ಕ ಹಾಕಿ.