ಬಾಡಿಗೆ ಲಿಫ್ಟ್ ಮತ್ತು ಏರುತಗ್ಗಿನ ನೆಲ: ಉದ್ಯಮಿಗಳು ಅರಿಯಬೇಕಾದ ಲೆಕ್ಕ

ಮಳೆಗಾಲಕ್ಕೆ ಮುನ್ನ ಶೆಡ್ಡಿನ ತಗಡು ಬದಲಿಸುವುದು, ನಾಮಫಲಕ ಏರಿಸುವುದು ಮುಂತಾದ ಕೆಲಸಗಳಿಗೆ ಬಾಡಿಗೆಯ ಸಿಸರ್ ಲಿಫ್ಟ್ ಹಾಗೂ ಬೂಮ್ ಲಿಫ್ಟ್‌ಗಳನ್ನು ತರಿಸುವುದು ಸಣ್ಣ ಕೈಗಾರಿಕೆಗಳಲ್ಲಿಯೂ ರೂಢಿಗೆ ಬಂದಿದೆ. ಬಾಡಿಗೆ ದರವನ್ನು ಚೌಕಾಸಿ ಮಾಡುವ ಉದ್ಯಮಿಯು ಯಂತ್ರ ನಿಲ್ಲುವ ನೆಲವನ್ನು ಪರೀಕ್ಷಿಸುವುದು ವಿರಳ. ಲಿಫ್ಟ್ ಉರುಳಿದಲ್ಲಿ ನಷ್ಟವು ಬಾಡಿಗೆಯ ಮೊತ್ತಕ್ಕೆ ಸೀಮಿತವಾಗಿರುವುದಿಲ್ಲ.

ಇಳಿಜಾರಿನ ಮಿತಿ

ಯಂತ್ರದ ವಿವರಪತ್ರದಲ್ಲಿ ಶೇ. 25ರ ಏರನ್ನು ಹತ್ತಬಲ್ಲದೆಂದು ನಮೂದಿಸಿರಬಹುದು. ಇದು ವೇದಿಕೆಯನ್ನು ಪೂರ್ಣ ಇಳಿಸಿ ಚಲಿಸುವಾಗಿನ ಮಿತಿಯೇ ಹೊರತು ವೇದಿಕೆ ಏರಿಸಿ ಕೆಲಸ ಮಾಡುವ ಮಿತಿಯಲ್ಲ. ಸಮತಟ್ಟಾದ ನೆಲಕ್ಕೆಂದು ತಯಾರಾದ ಸಿಸರ್ ಲಿಫ್ಟ್‌ಗಳಲ್ಲಿ ಏರಿಸಿದಾಗಿನ ಮಿತಿಯು ಸಾಮಾನ್ಯವಾಗಿ ಅಡ್ಡಲಾಗಿ 1.5 ಡಿಗ್ರಿ, ಉದ್ದಕ್ಕೆ 3 ಡಿಗ್ರಿ. 1 ಮೀಟರ್ ಅಂತರಕ್ಕೆ 2.6 ಸೆಂ.ಮೀ. ವ್ಯತ್ಯಾಸವೆಂದರೆ 1.5 ಡಿಗ್ರಿ; ರಸಮಟ್ಟ ಮತ್ತು ನೇರವಾದ ಪಟ್ಟಿಯಿಂದ ಇದನ್ನು ಯಾರೂ ಅಳೆಯಬಹುದು. 3 ಡಿಗ್ರಿ ವಾಲಿದರೆ 10 ಮೀಟರ್ ಎತ್ತರದ ವೇದಿಕೆಯು ಸುಮಾರು 52 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ.

ನೆಲದ ಧಾರಣಶಕ್ತಿ

ಔಟ್‌ರಿಗರ್ ಕಾಲೊಂದರ ಮೇಲೆ 3,000 ಕಿ.ಗ್ರಾಂ. ಭಾರವಿದ್ದು, ಅದರ ಪಾದವು 30 ಸೆಂ.ಮೀ. ವ್ಯಾಸದ್ದಾಗಿದ್ದರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 4.2 ಕಿ.ಗ್ರಾಂ. ಒತ್ತಡ ಬೀಳುತ್ತದೆ. ಅದರಡಿ 60×60 ಸೆಂ.ಮೀ.ನ ಗಟ್ಟಿ ಹಲಗೆಯನ್ನಿಟ್ಟರೆ ಒತ್ತಡವು 0.83 ಕಿ.ಗ್ರಾಂ.ಗೆ ಇಳಿಯುತ್ತದೆ. ಹುಬ್ಬಳ್ಳಿ–ಧಾರವಾಡದ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ ಮೆತ್ತಗಾಗುವುದರಿಂದ ಅಲ್ಲಿ ಈ ಎಚ್ಚರಿಕೆ ವಿಶೇಷವಾಗಿ ಅಗತ್ಯ.

ಅನುಸರಿಸಬೇಕಾದ ಕ್ರಮಗಳು

1. ಮಣ್ಣು ತುಂಬಿದ ಹೊಂಡ, ಚರಂಡಿಯ ಮುಚ್ಚಳ, ಕೇಬಲ್ ಗುಂಡಿಗಳನ್ನು ಮೊದಲೇ ಗುರುತಿಸಬೇಕು.
2. ಏರುತಗ್ಗಿನ ನೆಲಕ್ಕೆ ಅಂತಹ ನೆಲಕ್ಕೆಂದೇ ತಯಾರಾದ ಯಂತ್ರವನ್ನು ಕೇಳಿ ಪಡೆಯಬೇಕು. ಯಂತ್ರದ ಫಲಕದಲ್ಲಿನ ಮಿತಿಯೇ ಅಂತಿಮ.
3. ಚಕ್ರದಡಿ ಇಟ್ಟಿಗೆ, ಕಲ್ಲುಗಳನ್ನಿಟ್ಟು ಮಟ್ಟ ಮಾಡಕೂಡದು.
4. ವಾಲಿಕೆಯ ಎಚ್ಚರಿಕೆ ಗಂಟೆ ಮೊಳಗಿದೊಡನೆ ಕೆಲಸ ನಿಲ್ಲಿಸಿ, ಕೈಪಿಡಿಯ ಕ್ರಮದಂತೆ ವೇದಿಕೆಯನ್ನು ಇಳಿಸಬೇಕು. ಗಂಟೆಯ ತಂತಿಯನ್ನು ಕಳಚುವುದು ಅಕ್ಷಮ್ಯ.
5. ಬೂಮ್ ಲಿಫ್ಟ್‌ನಲ್ಲಿ ಸುರಕ್ಷಾ ಬೆಲ್ಟನ್ನು ಬುಟ್ಟಿಯ ನಿಗದಿತ ಕೊಂಡಿಗೆ ಸಿಕ್ಕಿಸಿಯೇ ಮೇಲೇರಬೇಕು.

ಹೊಣೆಗಾರಿಕೆಯ ಲೆಕ್ಕ

2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ, 1923ರ ಕಾಯಿದೆಯಲ್ಲಿದ್ದಂತೆಯೇ, ಮರಣ ಪರಿಹಾರವನ್ನು ಮಾಸಿಕ ವೇತನದ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಗುಣಾಂಕದಿಂದ ಗುಣಿಸಿ ನಿರ್ಧರಿಸಲಾಗುತ್ತದೆ. 30 ವರ್ಷ ವಯಸ್ಸಿಗೆ ಗುಣಾಂಕ 207.98. ಪರಿಗಣಿತ ವೇತನ 15,000 ರೂ. ಇದ್ದಲ್ಲಿ ಪರಿಹಾರ 15,59,850 ರೂ. ಇ.ಎಸ್.ಐ. ವ್ಯಾಪ್ತಿಗೆ ಒಳಪಡದ ಕಾರ್ಮಿಕನಾಗಿದ್ದರೆ ಈ ಹೊಣೆ ನೇರವಾಗಿ ಮಾಲೀಕನದು. ಆದುದರಿಂದ ಬಾಡಿಗೆ ಕರಾರಿನಲ್ಲಿ ಚಾಲಕನು ಯಾರ ನೌಕರ, ನೆಲವನ್ನು ಪರೀಕ್ಷಿಸುವವರು ಯಾರು, ವಿಮೆ ಯಾರ ಹೆಸರಿನಲ್ಲಿದೆ ಎಂಬ ಮೂರು ಅಂಶಗಳನ್ನು ಲಿಖಿತವಾಗಿ ಸ್ಪಷ್ಟಪಡಿಸಿಕೊಳ್ಳಬೇಕು. ಸುರಕ್ಷಾ ಸಾಧನವನ್ನು ಕಳಚಿದ್ದು ಕಂಡುಬಂದರೆ ವಿಮಾ ಕಂಪನಿಯು ತಕರಾರು ತೆಗೆಯಲು ಆಸ್ಪದವಾಗುತ್ತದೆ.

ನೆಲವನ್ನು ಸಮತಟ್ಟು ಮಾಡಿ ಹಲಗೆ ಹಾಸಲು ಅರ್ಧ ದಿನದ ಕೂಲಿ ತಗಲಬಹುದು. ಆ ಖರ್ಚನ್ನು ಲೆಕ್ಕಪುಸ್ತಕದಲ್ಲಿ ಬರೆದುಕೊಳ್ಳಬಹುದು. ದುಡಿಯುವ ಕೈಯನ್ನು ಕಳೆದುಕೊಂಡ ಕುಟುಂಬದ ನಷ್ಟವನ್ನು ಯಾವ ಪರಿಹಾರವೂ ತುಂಬಲಾರದು.